ನೋಡಿ ಮಾಡಿದ ನೇಗಿಲು, ತಾವೇ ಕಟ್ಟಿದ ವ್ಯಾಪಾರ

ಒಂದು ಊರಲ್ಲಿ ಒಬ್ಬರ ಮೊಬೈಲ್ ಅಂಗಡಿ ನಡೆದರೆ ವರ್ಷದೊಳಗೆ ಅದೇ ರಸ್ತೆಯಲ್ಲಿ ಇನ್ನೂ ನಾಲ್ಕು ಏಳುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಇದನ್ನು ನಾವು ನೋಡುತ್ತೇವೆ. ಸಾಲ ಮಾಡಿ ಅಂಗಡಿ ಇಟ್ಟ ಹುಡುಗರಲ್ಲಿ ಕೆಲವರು ಬಾಗಿಲು ಹಾಕುತ್ತಾರೆ. ಹಾಗಾದರೆ ಇನ್ನೊಬ್ಬರನ್ನು ನೋಡಿ ಮಾಡುವುದೇ ತಪ್ಪೇ? ನಮ್ಮ ಹಿರಿಯರು ಎರೆ ಹೊಲದಲ್ಲಿ ಎತ್ತು ಕಟ್ಟಿ ಹೊಡೆದ ಕಬ್ಬಿಣದ ನೇಗಿಲಿನ ಕಥೆ ಬೇರೆಯದನ್ನೇ ಹೇಳುತ್ತದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಅವರ ವ್ಯಾಪಾರ ಶುರುವಾಯಿತು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. ಇವು ಯಾವುವೂ ಅವರು ಕಂಡುಹಿಡಿದ ವಸ್ತುಗಳಲ್ಲ. ಕಬ್ಬಿಣದ ನೇಗಿಲು ವಿದೇಶದಲ್ಲಿ ಮೊದಲೇ ಬಳಕೆಯಲ್ಲಿತ್ತು.

ಆದರೆ ನೇಗಿಲು ಮಾಡಿದ ಕೂಡಲೇ ಮಾರಾಟವಾಗಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಅಂಜಿದರು. ವಸ್ತುವನ್ನು ನಕಲು ಮಾಡಬಹುದಿತ್ತು, ರೈತರ ನಂಬಿಕೆಯನ್ನು ನಕಲು ಮಾಡಲು ಬರುತ್ತಿರಲಿಲ್ಲ. ಅದನ್ನು ಇಲ್ಲಿಯೇ ಗಳಿಸಬೇಕಿತ್ತು.

ಬೆಳಗಾವಿಯಲ್ಲಿ ಜಾಗ ಹೋದಾಗ ಔಂಧ್ ಸಂಸ್ಥಾನದ ರಾಜರು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆಯ ಜೊತೆಗೆ ಕಿರ್ಲೋಸ್ಕರ್‌ವಾಡಿ ಎಂಬ ಊರೇ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಕೊಟ್ಟರು. ತೋಪು ಕರಗಿ ನೇಗಿಲಾಯಿತು. 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆಯೂ ಹೊರಟಿತು. ಕಾರ್ಖಾನೆಯ ಮಾತು ಜನರ ಮನೆಗೆ ಮುಟ್ಟಿತು.

ನೇಗಿಲು ಅನುಕರಣೆ. ಇಲ್ಲೇ ಎರಕ ಹೊಯ್ದು ಅಗ್ಗವಾಗಿ ಕೊಟ್ಟಿದ್ದು, ಕಾರ್ಖಾನೆಗೊಂದು ಊರು ಕಟ್ಟಿದ್ದು, ಪತ್ರಿಕೆ ತಂದಿದ್ದು ಹೊಸತನ. ಎರಡೂ ಕೂಡಿದ್ದರಿಂದಲೇ ಕೆಲಸ ನಿಂತಿತು.

ನಮ್ಮ ತಾಲ್ಲೂಕುಗಳ ವೆಲ್ಡಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಇದು ಕಾಣುತ್ತದೆ. ಎತ್ತಿನ ಕೂರಿಗೆಯ ಲೆಕ್ಕವನ್ನೇ ಹಿಡಿದು ಟ್ರ್ಯಾಕ್ಟರ್‌ಗೆ ಹೊಂದುವ ಕೂರಿಗೆ ಮಾಡುತ್ತಾರೆ. ಸಾಲಿನ ಅಂತರ ಎಷ್ಟಿರಬೇಕೆಂದು ರೈತರನ್ನೇ ಕೇಳುತ್ತಾರೆ.

ಅಂಗಡಿ ಇಡುವ ಮುಂಚೆ ಪಕ್ಕದವರ ಗಲ್ಲಾಪೆಟ್ಟಿಗೆಯನ್ನಷ್ಟೇ ನೋಡಬೇಡಿ. ಅಲ್ಲಿಂದ ಬರಿಗೈಯಲ್ಲಿ ಹೊರಬಂದ ಗಿರಾಕಿ ಏನು ಕೇಳಿದ್ದರು ಎಂಬುದನ್ನೂ ತಿಳಿದುಕೊಳ್ಳಿ.