ಎನ್‌ಕೌಂಟರ್

ಲ್ಯಾಟಿನ್ನಿನಲ್ಲಿ ‘ಎದುರಿಗೆ’ ಎಂಬರ್ಥದ ಮಾತು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಪತ್ರಿಕೆಗಳಿಗೆ ಬಂತು. ಮೂಲಾರ್ಥ ಮುಖಾಮುಖಿ, ಎರಡು ಕಡೆಯವರು ಇರಲೇಬೇಕು. ಜೊತೆಗೆ ಬರುವ ‘ಗುಂಡಿನ ಚಕಮಕಿ’ಯೂ ಹಾಗೆಯೇ. ಚಕಮಕಿ ಕಲ್ಲು ತಾನೊಂದೇ ಕಿಡಿ ಹಾರಿಸದು. ಆದರೆ ಆಡುಮಾತಿನಲ್ಲಿ ಏನಾಯಿತು ನೋಡಿ: ‘ಎನ್‌ಕೌಂಟರ್ ನಡೆಯಿತು’ ಎನ್ನುತ್ತಿದ್ದವರು ‘ಅವನನ್ನು ಎನ್‌ಕೌಂಟರ್ ಮಾಡಿದರು’ ಎನ್ನತೊಡಗಿದರು. ದ್ವಿತೀಯಾ ವಿಭಕ್ತಿ ಸೇರಿದ ಕೂಡಲೇ ಎದುರಾಳಿ ಮಾಯವಾಗಿ ಬಲಿಯಷ್ಟೇ ಉಳಿದ. ಪೊಲೀಸ್ ಪ್ರಕಟಣೆ ಮರೆಮಾಚಿದ್ದನ್ನು ವ್ಯಾಕರಣ ಹೇಳಿಬಿಟ್ಟಿತು.

ಆತ್ಮರಕ್ಷಣೆಗೆ ಗುಂಡು ಹಾರಿಸುವುದು ಬೇರೆ, ಹಿಡಿದವನನ್ನು ಕೊಲ್ಲುವುದು ಬೇರೆ. ಸಂವಿಧಾನದ 21ನೇ ವಿಧಿ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತದೆ. ಶಂಕಿತ ಭಯೋತ್ಪಾದಕನೂ ವಿದೇಶಿಯೂ ಅದರೊಳಗೆ ಬರುತ್ತಾರೆ. ಮುಂಬೈ ದಾಳಿಯ ಅಜ್ಮಲ್ ಕಸಬ್‌ಗೂ ವಕೀಲ, ವಿಚಾರಣೆ, ಮೇಲ್ಮನವಿ ಎಲ್ಲ ಸಿಕ್ಕ ಮೇಲೆಯೇ 2012ರಲ್ಲಿ ಗಲ್ಲಾಯಿತು. ನನಗೆ ಅದು ಈ ದೇಶದ ಬಲವಾಗಿ ಕಂಡಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಎನ್‌ಕೌಂಟರ್‌ನ ಸಾವುಗಳಿಗೆ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆಯನ್ನು ಕಡ್ಡಾಯಗೊಳಿಸಿತು.

ವರದಿಗಾರರಲ್ಲಿ ಒಂದು ವಿನಂತಿ: ತನಿಖೆ ಮುಗಿಯುವ ತನಕ ‘ಪೊಲೀಸರ ಗುಂಡಿಗೆ ಸಾವು’ ಎಂದಷ್ಟೇ ಬರೆಯಿರಿ.