ಕಯ್ಯಾರ ಕಿಞ್ಞಣ್ಣ ರೈ (1915–2015)

ಮನೆಗೂ ಊರಿಗೂ ಹಿರಿಯರಾಗಿದ್ದ ರೈಗಳು ಹುಟ್ಟಿದ್ದು 1915ರ ಜೂನ್ 8ರಂದು. ತೀರಿಕೊಂಡದ್ದು ನೂರು ತುಂಬಿದ ಮೇಲೆ, 2015ರ ಆಗಸ್ಟ್ 9ರಂದು.

ಹನ್ನೆರಡರ ಹರೆಯದಲ್ಲೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆ ಹೊರಡಿಸಿದ ಹುಡುಗ ಮುಂದೆ ಸ್ವಾತಂತ್ರ್ಯ ಚಳವಳಿಗೆ ಇಳಿದರು; ಪೆರಡಾಲದ ನವಜೀವನ ಶಾಲೆಯಲ್ಲಿ ಮಾಸ್ತರರಾದರು. ಶಾಲೆ ಬಿಟ್ಟರೆ ಬೇಸಾಯ. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟದ್ದು ಬರಿಯ ಮಾತಿಗಲ್ಲ.

1956ರ ನವೆಂಬರ್ 1ರಂದು ರೈಗಳ ಸೀಮೆಯಾದ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿತು, ವರದಿ ಜಾರಿಯಾಗಲಿಲ್ಲ. ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂಬ ಬೇಡಿಕೆಯನ್ನು ರೈಗಳು ಇಳಿವಯಸ್ಸಿನಲ್ಲೂ ಬಿಡಲಿಲ್ಲ. ಹಾಗೆಂದು ಮಲಯಾಳದೊಂದಿಗೆ ಮುನಿಸೇನಿರಲಿಲ್ಲ. ತಿರುವನಂತಪುರ ಸೀಮೆಯ ಕಾಯಿಕ್ಕರದಲ್ಲಿ ಹುಟ್ಟಿದ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಇದೇ ಹೋರಾಟಗಾರ! ಗಡಿಯ ಜಗಳವನ್ನು ಭಾಷೆಯ ಜಗಳವಾಗಲು ಬಿಡದ ಈ ದೊಡ್ಡತನ ಅಪರೂಪದ್ದು.

ಕನ್ನಡದ ಜೊತೆಗೆ ತುಳುವಿನಲ್ಲೂ ಕವಿತೆ ಬರೆದರು. 1997ರಲ್ಲಿ ಮಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಮನೆ ‘ಕವಿತಾ ಕುಟೀರ’ ಇರುವುದು ಬದಿಯಡ್ಕದ ಸಮೀಪ.