ಹೊಳೆ ದಾಟುವ ಕಾಸು

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಉಪಕಾರವನ್ನು ಮರೆಯುವವರನ್ನು ಕುರಿತ ಈ ಮಾತಿನಲ್ಲಿ ನಾಡಿನ ಚರಿತ್ರೆಯ ಒಂದು ತುಣುಕೂ ಅಡಗಿದೆ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರಯಾಣಿಕರು ಕಡವಿನಲ್ಲಿ ಕಾದು ನಿಂತು, ಹರಿಗೋಲಿನವನಿಗೆ ಕಾಸನ್ನೋ ಕಾಳನ್ನೋ ಕೊಟ್ಟು ಆಚೆಯ ದಡವನ್ನು ಸೇರಬೇಕಾಗಿದ್ದಿತು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೂ ಇದೇ.

ಕಡಮೆ ವೆಚ್ಚದಲ್ಲಿ ನೀರನ್ನು ದಾಟುವ ಲೆಕ್ಕ ಎಲ್ಲ ದೇಶದ ಗೃಹಸ್ಥರಿಗೂ ಉಂಟು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ, ಕಿರಿದಾದೆಡೆಯಲ್ಲಿ ಸುಮಾರು ೩೩ ಕಿಲೋಮೀಟರು ಅಗಲವಿರುವ ಕಡಲಗಾಲುವೆಯೊಂದಿದೆ. ೧೯೯೪ರಲ್ಲಿ ಅದರ ಅಡಿಯ ಸುರಂಗ ತೆರೆದಂದಿನಿಂದ, ಹಡಗು ಅಗ್ಗವೋ ರೈಲು ಅಗ್ಗವೋ ಎಂದು ಅಲ್ಲಿನ ಸಂಸಾರಗಳು ಗುಣಿಸುತ್ತಿವೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನಮ್ಮ ಸಂಸಾರಗಳೂ ಶನಿವಾರ ಭಾನುವಾರಗಳ ಬಿಡುವಿಗೆ ಇಂಥದೇ ಲೆಕ್ಕ ಹಾಕುವುದುಂಟು. ಅವರು ದಾಟುವ ನೀರು ಶರಾವತಿಯ ಹಿನ್ನೀರು. ಆಚೆಯ ದಡದಲ್ಲಿರುವುದು ಸಿಗಂದೂರು ಚೌಡೇಶ್ವರಿಯ ಸನ್ನಿಧಿ.

ಈ ನೀರು ಪುರಾತನವಾದುದಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆ ತುಂಬಿತು. ತೋಟಗಳು, ಗದ್ದೆಗಳು, ಊರಿಗೆ ಊರುಗಳೇ ಮುಳುಗಿದುವು. ಮನೆಮಾರು ಬಿಟ್ಟು ಹೊರಟವರ ಭೂಮಿಯ ಹಕ್ಕಿನ ಪ್ರಶ್ನೆ ಅನೇಕ ದಶಕಗಳವರೆಗೆ ಎಳೆಯಿತು. ಉಳಿದ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಸಾಗರ ಪಟ್ಟಣದಿಂದ ಬೇರ್ಪಟ್ಟು, ದ್ವೀಪವೆಂದೇ ಹೆಸರಾದುವು. ಅವರ ಪಾಲಿಗೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುವ ಸರಕಾರದ ಲಾಂಚೇ ಹೆದ್ದಾರಿ. ಜನರು, ಬಸ್ಸು, ಕಾರು ಎಲ್ಲವೂ ಅದರ ಮೇಲೆಯೇ ಸಾಗಬೇಕು. ದರವೇನೋ ಅಲ್ಪ. ಆದರೆ ಸಂಜೆಯ ಮೇಲೆ ಲಾಂಚು ನಿಂತಿತೆಂದರೆ, ಬಸುರಿಯಾಗಲಿ ರೋಗಿಯಾಗಲಿ ಬಲು ದೂರದ ಸುತ್ತುದಾರಿಯನ್ನೇ ಹಿಡಿಯಬೇಕು. ಮಳೆ ತಡವಾಗಿ ನೀರು ಇಳಿದ ವರುಷಗಳಲ್ಲಿ ವಾಹನಗಳ ಸಾಗಣೆಯೂ ನಿಲ್ಲುತ್ತಿತ್ತು. ರಜೆಯ ದಿನಗಳಲ್ಲಿ ನಗರದ ಕಾರುಗಳ ಸಾಲು ಬೆಳೆದಂತೆಲ್ಲ ಊರಿನವರ ಕಾಯುವಿಕೆಯೂ ಬೆಳೆಯಿತು. ಯಾತ್ರಿಕನಿಗೆ ವಿನೋದವಾದ ದೋಣಿಯಾನ ಹಳ್ಳಿಯವನಿಗೆ ನಿತ್ಯದ ಸುಂಕವಾಗಿದ್ದಿತು.

ಆ ಸುಂಕ ತೀರಿದ್ದು ೨೦೨೫ರ ಜುಲೈ ೧೪ರಂದು. ೪೭೦ ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದ, ಸುಮಾರು ೨.೪ ಕಿಲೋಮೀಟರು ಉದ್ದದ ಸೇತುವೆ ಅಂದು ತೆರೆಯಿತು. ಅದರ ನಡುಭಾಗವನ್ನು ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿವೆ.

ಇನ್ನು ನಗರದಿಂದ ಅಲ್ಲಿಗೆ ತಲುಪುವ ವೆಚ್ಚ. ಪೀಣ್ಯಕ್ಕೆ ೨೦೧೪ರಲ್ಲಿ, ವೈಟ್‌ಫೀಲ್ಡಿಗೆ ೨೦೨೩ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಲ್ಲಿ ಮೆಟ್ರೋ ಬಂದುದರಿಂದ, ಊರಿನ ಅಂಚಿನವರು ದೊಡ್ಡ ರೈಲು ನಿಲ್ದಾಣಕ್ಕೆ ಆಟೋ ಹಿಡಿಯಲೇಬೇಕೆಂದಿಲ್ಲ. ತಾಳಗುಪ್ಪದ ರಾತ್ರಿಯ ರೈಲನ್ನು ಹತ್ತಿದರೆ ಬೆಳಗ್ಗೆ ಸಾಗರ, ಮುಂದಕ್ಕೆ ಬಸ್ಸು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಂತೆ, ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಹವಾನಿಯಂತ್ರಿತ, ಮಲಗುವ ಬಸ್ಸುಗಳಿಗೆ ಇದು ಸಲ್ಲದು. ಆದುದರಿಂದ ತಾಯಿಯೂ ಮಗಳೂ ಬಸ್ಸಿನಲ್ಲಿ ಹೊರಟರೆ ಮನೆಯ ಲೆಕ್ಕ ಅರ್ಧಕ್ಕೆ ಇಳಿದೀತು. ನಾಲ್ವರಿಗಾಗಿ ಬಾಡಿಗೆ ಕಾರು ಹಿಡಿಯುವ ಮೊದಲು ಗೃಹಿಣಿಯರು ಇದನ್ನು ಯೋಚಿಸುವುದು ಲೇಸು.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಆ ಕಣಿವೆಯನ್ನು ಮುಳುಗಿಸಿದ್ದಾದರೂ ಏತಕ್ಕೆ? ವಿದ್ಯುತ್ತಿಗೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ ೧೦೩೫ ಮೆಗಾವಾಟ್. ೧೯೭೦ರ ದಶಕದಲ್ಲಿ ತಲೆಯೆತ್ತಿದ ಪೀಣ್ಯದ ಕಾರ್ಖಾನೆಗಳ ಚಕ್ರಗಳು ತಿರುಗಲು, ನಮ್ಮ ಮನೆಗಳ ದೀಪ ಉರಿಯಲು, ರೇಡಿಯೋ ನುಡಿಯಲು ಬಂದ ಶಕ್ತಿಯಲ್ಲಿ ಆ ನೀರಿನ ಪಾಲು ದೊಡ್ಡದು. ನಗರಕ್ಕೆ ಬೆಳಕು ಬಂದಿತು. ಬೆಳಕನ್ನು ಕೊಟ್ಟವರು ಆರು ದಶಕಗಳ ಕಾಲ ಲಾಂಚಿಗೆ ಕಾದರು. ನಮ್ಮ ಪಾಲಿನ ಕಾಸನ್ನು ಅವರು ಮುಂಗಡವಾಗಿಯೇ ತೆತ್ತಿದ್ದಾರೆ.

ಸೇತುವೆಯ ಮೇಲೆ ಬಸ್ಸು ನೀರನ್ನು ದಾಟುವುದು ಕೆಲವೇ ನಿಮಿಷಗಳ ಮಾತು. ಅಷ್ಟರಲ್ಲಿ ಪಕ್ಕದ ಊರವರನ್ನು ಕೇಳಿ, ಕೆಳಗೆ ಮುಳುಗಿದ ಊರುಗಳ ಹೆಸರನ್ನು ಮಕ್ಕಳಿಗೆ ತಿಳಿಸಿರಿ. ಅಂಬಿಗನ ಋಣ ಅಷ್ಟಾದರೂ ಸಂದೀತು.